ಮಗುವಿಗೆ ಕ್ವಾರ್ಟರ್‌ಬ್ಯಾಕ್ ಆಟ ಕಲಿಸುವುದು ಹೇಗೆ? ಕಾಲಿನಿಂದ ಶುರು ಮಾಡಿ

ಅಮೆರಿಕದಲ್ಲಿರುವ ಎಷ್ಟೋ ಕನ್ನಡದ ಮನೆಗಳ ಕಥೆ ಇದು. ಮಗನೋ ಮಗಳೋ ಊರಿನ ಫ್ಲ್ಯಾಗ್ ಫುಟ್ಬಾಲ್ (ಮೈಮೇಲೆ ಬಿದ್ದು ಕೆಡವದೆ ಆಡುವ ಅಮೆರಿಕನ್ ಫುಟ್ಬಾಲ್) ಲೀಗಿಗೆ ಸೇರುತ್ತಾರೆ. ನಾಲ್ಕು ದಿನ ಕಳೆಯುವಷ್ಟರಲ್ಲಿ ಲೀಗಿನವರಿಂದ ಇಮೇಲ್ ಬರುತ್ತದೆ: ಕೋಚ್‌ಗಳು ಸಾಲುತ್ತಿಲ್ಲ, ಅಪ್ಪ ಅಮ್ಮಂದಿರು ಯಾರಾದರೂ ಮುಂದೆ ಬನ್ನಿ. ನೀವು ಸುಮ್ನೆ ಹೂಂ ಅಂದಿರುತ್ತೀರಿ. ಮುಂದಿನ ವಾರ ನೋಡಿದರೆ ಕುತ್ತಿಗೆಯಲ್ಲಿ ವಿಸಿಲ್, ಎದುರಿಗೆ ಹತ್ತು ಮಕ್ಕಳು, ಅವರಲ್ಲಿ ಮುಕ್ಕಾಲು ಪಾಲಿಗೆ ಕ್ವಾರ್ಟರ್‌ಬ್ಯಾಕೇ ಆಗಬೇಕು. ನಿಮಗೆ ಚೆನ್ನಾಗಿ ಗೊತ್ತಿರುವುದು ಕ್ರಿಕೆಟ್. ಫುಟ್ಬಾಲ್ ಅಂದರೆ ಸೂಪರ್ ಬೌಲ್ (ಎನ್‌ಎಫ್‌ಎಲ್ ಅನ್ನುವ ವೃತ್ತಿಪರ ಲೀಗಿನ ಫೈನಲ್) ದಿನ ಗೆಳೆಯರ ಮನೆಯಲ್ಲಿ ಟಿವಿ ಮುಂದೆ ಕೂತು ನೋಡಿದ್ದಷ್ಟೇ.

ಅಂಥವರಿಗಾಗಿ ಈ ಬರಹ. 7ರಿಂದ 13 ವರ್ಷದ ಮಕ್ಕಳನ್ನು ಮನಸ್ಸಲ್ಲಿಟ್ಟುಕೊಂಡು ಬರೆದಿದ್ದೇನೆ. ಬಲಗೈ ಮಗು ಅಂದುಕೊಂಡು ಹೇಳುತ್ತೇನೆ, ಎಡಗೈ ಮಗುವಾದರೆ ಎಡಬಲ ಅದಲು ಬದಲು ಮಾಡಿಕೊಳ್ಳಿ. ಎಡಗೈಯವರು ಈ ಜಾಗದಲ್ಲಿ ಆಡಬಾರದು ಅಂತ ಯಾರಾದರೂ ಹೇಳಿದರೆ ಸ್ಟೀವ್ ಯಂಗ್ ಹೆಸರು ಹೇಳಿ. ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ತಂಡವನ್ನು ಸೂಪರ್ ಬೌಲ್ ಗೆಲ್ಲಿಸಿದ ಎಡಗೈ ಆಟಗಾರ ಅವರು.

ಕ್ವಾರ್ಟರ್‌ಬ್ಯಾಕ್ ಕೆಲಸ ಏನು ಅಂತ ಮೊದಲು ಎರಡು ಮಾತಲ್ಲಿ ನೋಡೋಣ. ಆಕ್ರಮಣ ಮಾಡುವ ತಂಡದ ಪ್ರತಿ ಆಟವೂ ಹೆಚ್ಚುಕಡಿಮೆ ಇವನ ಕೈಗೆ ಚೆಂಡು ಬರುವುದರಿಂದಲೇ ಶುರು. ಮುಂದೆ ಬಗ್ಗಿ ನಿಂತ ಸೆಂಟರ್ ಕಾಲ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಡುತ್ತಾನೆ. ಅದೇ ಸ್ನ್ಯಾಪ್. ಕ್ವಾರ್ಟರ್‌ಬ್ಯಾಕ್ ಅದನ್ನು ಹಿಡಿದು ಓಡುವವನಿಗೆ ಕೊಡಬೇಕು, ಇಲ್ಲವೇ ಮುಂದೆ ಓಡಿಹೋದ ರಿಸೀವರ್‌ಗೆ ಎಸೆಯಬೇಕು. ಯಾರಿಗೆ, ಯಾವಾಗ ಅನ್ನುವುದು ಒಂದೆರಡು ಸೆಕೆಂಡಲ್ಲಿ ತೀರ್ಮಾನ ಆಗಬೇಕು. ದೊಡ್ಡವರ ಆಟದಲ್ಲಿ ಒಂದು ಕಡೆ 11 ಜನ, ಮೈಮೇಲೆ ಬಿದ್ದು ಕೆಡವುವ ಟ್ಯಾಕಲ್ ಬೇರೆ. ಮಕ್ಕಳ ಫ್ಲ್ಯಾಗ್ ಆಟದಲ್ಲಿ ಸಾಮಾನ್ಯವಾಗಿ ಐದೈದು ಜನ, ಸೊಂಟದ ಪಟ್ಟಿಗೆ ತೂಗುಬಿಟ್ಟ ಫ್ಲ್ಯಾಗ್ ಕಿತ್ತರೆ ಆಟ ನಿಂತಿತು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸೇರಿರುವುದೂ ಈ ಫ್ಲ್ಯಾಗ್ ಆಟವೇ. ಹೆಣ್ಣುಮಕ್ಕಳಿಗೂ ದಾರಿ ತೆರೆದಿದೆ. ಕ್ಯಾಲಿಫೋರ್ನಿಯಾದಲ್ಲಿ 2023ರಿಂದ ಇದು ಹೈಸ್ಕೂಲ್ ಹುಡುಗಿಯರ ಅಧಿಕೃತ ಕ್ರೀಡೆ. ಹಾಗಾಗಿ ಮಗಳು ಕೇಳಿದರೆ ‘ನಿನಗ್ಯಾಕೆ’ ಅನ್ನಬೇಡಿ.

ಯಾರನ್ನು ನಿಲ್ಲಿಸುವುದು

ಮೊದಲ ದಿನ ಎಲ್ಲ ಕೋಚ್‌ಗಳೂ ಮಾಡುವ ಕೆಲಸ ಒಂದೇ. ಯಾರು ದೂರ ಎಸೆಯುತ್ತಾರೆ ನೋಡುವುದು, ಅವನನ್ನೇ ಕ್ವಾರ್ಟರ್‌ಬ್ಯಾಕ್ ಮಾಡುವುದು. ನನ್ನ ಪ್ರಕಾರ ಇದು ತಪ್ಪು ಲೆಕ್ಕ. ಒಂಬತ್ತು ವರ್ಷದ ಮಕ್ಕಳಲ್ಲಿ ದೂರ ಎಸೆಯುವವನು ಅಂದರೆ ಬಹಳ ಸಲ ಆ ವರ್ಷ ಬೇಗ ಬೆಳೆದವನು, ಅಷ್ಟೇ. ಎರಡು ವರ್ಷ ಬಿಟ್ಟು ನೋಡಿದರೆ ಸಾಲು ಬೇರೆಯೇ ಇರುತ್ತದೆ. ದೊಡ್ಡವರ ವಿಷಯದಲ್ಲೇ ಲೆಕ್ಕ ತಪ್ಪುತ್ತದೆ: ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯನ್ನು 2000ದ ಡ್ರಾಫ್ಟ್‌ನಲ್ಲಿ (ಎನ್‌ಎಫ್‌ಎಲ್ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವುದು) 199ನೆಯವರಾಗಿ ಆರಿಸಿದ್ದು, ಅವರು ಆಮೇಲೆ ಗೆದ್ದಿದ್ದು 7 ಸೂಪರ್ ಬೌಲ್.

ಹತ್ತು ವರ್ಷದ ತನಕ ಆಸೆ ಇರುವ ಎಲ್ಲರನ್ನೂ ಸರದಿ ಪ್ರಕಾರ ನಿಲ್ಲಿಸಿ. ಗಮನಿಸಬೇಕಾದ್ದು ಬೇರೆ ಇದೆ. ಚೆಂಡು ಬಿದ್ದಾಗ ಯಾರು ಅತ್ತಿತ್ತ ನೋಡದೆ ಮುಂದಿನ ಆಟಕ್ಕೆ ಬರುತ್ತಾರೆ? ಹೇಳಿಕೊಟ್ಟ ಆಟವನ್ನು ಯಾರು ಬೇರೆ ಮಕ್ಕಳಿಗೆ ವಿವರಿಸುತ್ತಾರೆ? ಈ ಜಾಗ ಅಂಥವರಿಗೆ ಒಗ್ಗುತ್ತದೆ. ಎಸೆತ ಕಲಿಸಬಹುದು.

ಚೆಂಡು ಮತ್ತು ಹಿಡಿತ

ಮಗುವಿನ ಕೈಗೆ ಸರಿಯಾದ ಚೆಂಡು ಕೊಡದಿದ್ದರೆ ಮುಂದೆ ಹೇಳುವುದೆಲ್ಲ ವ್ಯರ್ಥ. ಅಂಗಡಿಯಲ್ಲಿ ನಾಲ್ಕು ಅಳತೆ ಸಿಗುತ್ತದೆ. ಸುಮಾರಾಗಿ 6ರಿಂದ 9 ವರ್ಷಕ್ಕೆ ಪೀ ವೀ, 9ರಿಂದ 12ಕ್ಕೆ ಜೂನಿಯರ್, 12ರಿಂದ 14ಕ್ಕೆ ಯೂತ್, ಅದರ ಮೇಲೆ ಪೂರ್ತಿ ಅಳತೆಯದು. ನಮ್ಮವರು ‘ಹೇಗೂ ಬೆಳೀತಾನೆ’ ಅಂತ ಬಟ್ಟೆ ತಂದ ಹಾಗೆ ಒಂದು ಅಳತೆ ದೊಡ್ಡದೇ ತರುತ್ತಾರೆ. ಬೇಡ. ಚೆಂಡು ದೊಡ್ಡದಾದರೆ ಮಗು ಬೆರಳಲ್ಲಿ ಹಿಡಿಯಲಾಗದೆ ಅಂಗೈಯಲ್ಲಿ ಇಟ್ಟು ತಳ್ಳುವುದಕ್ಕೆ ಶುರು ಮಾಡುತ್ತದೆ. ಆ ಚಾಳಿ ಬಿಡಿಸುವುದಕ್ಕೆ ಒಂದಿಡೀ ಸೀಸನ್ ಬೇಕಾಗುತ್ತದೆ.

ಅಳತೆ ಸರಿಯಿದೆಯಾ ಅಂತ ನೋಡುವುದಕ್ಕೆ ಸುಲಭದ ದಾರಿ ಇದೆ. ಮಗು ಒಂದೇ ಕೈಯಲ್ಲಿ ಚೆಂಡನ್ನು ಮೇಲಿನಿಂದ ಹಿಡಿದು, ಅಂಗೈ ನೆಲದ ಕಡೆ ಮಾಡಿ, ಕೈ ಚಾಚಿ ನಿಲ್ಲಲಿ. ಚೆಂಡು ಜಾರದೆ ಒಂದೈದು ಸೆಕೆಂಡ್ ನಿಂತರೆ ಸಾಕು. ಜಾರಿತೋ, ಒಂದು ಅಳತೆ ಕೆಳಗಿಳಿಯಿರಿ. ಅಣ್ಣನ ಚೆಂಡು ದೊಡ್ಡದು, ನನ್ನದು ಚಿಕ್ಕದು ಅಂತ ಗಲಾಟೆ ಆಗಬಹುದು. ಆಗಲಿ ಬಿಡಿ.

ಹಿಡಿತಕ್ಕೆ ಬರೋಣ. ಚೆಂಡಿನ ಮೇಲೆ ಬಿಳಿ ಹೊಲಿಗೆ ಇರುತ್ತದಲ್ಲ, ಅದೇ ಲೇಸ್. ಉಂಗುರದ ಬೆರಳು ಮತ್ತು ಕಿರುಬೆರಳು ಲೇಸಿನ ಮೇಲೆ. ನಡುಬೆರಳು ಲೇಸಿನ ಪಕ್ಕ, ತೋರುಬೆರಳು ಅದಕ್ಕಿಂತ ಹಿಂದೆ, ಚೆಂಡಿನ ಹಿಂತುದಿಯ ಕಡೆ ಚಾಚಿರಲಿ. ಹೆಬ್ಬೆರಳು ಕೆಳಗೆ ಬಳಸಿಕೊಂಡಿರಲಿ. ಕೈ ಚಿಕ್ಕದಾದಷ್ಟೂ ಹಿಡಿತ ಹಿಂತುದಿಗೆ ಹತ್ತಿರ ಹೋಗಬೇಕು, ಅಲ್ಲಿ ಚೆಂಡು ಸಪೂರ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಅಂಗೈಗೂ ಚೆಂಡಿಗೂ ನಡುವೆ ಇರಬೇಕಾದ ಸಂದು. ಮಗು ಚೆಂಡು ಹಿಡಿದಾಗ ನಿಮ್ಮ ಒಂದು ಬೆರಳನ್ನು ಆ ಸಂದಿಗೆ ತೂರಿಸಿ ನೋಡಿ. ಬೆರಳು ಹೋದರೆ ಹಿಡಿತ ಸರಿ.

ಲೇಸ್ ಎಲ್ಲಿದೆ ಅಂತ ಆಟದ ನಡುವೆ ಕೆಳಗೆ ನೋಡುವಂತಿಲ್ಲ. ಆ ಹೊತ್ತಲ್ಲಿ ಕಣ್ಣು ಮೈದಾನದ ಮೇಲಿರಬೇಕು. ಇದಕ್ಕೆ ಮೈದಾನಕ್ಕೇ ಹೋಗಬೇಕಾಗಿಲ್ಲ. ಟಿವಿ ನೋಡುತ್ತಾ ಕೂತಾಗ ಚೆಂಡನ್ನು ಎರಡೂ ಕೈಯಲ್ಲಿ ತಿರುಗಿಸುತ್ತಾ ಇರಲಿ, ‘ಲೇಸ್’ ಅಂದ ಕೂಡಲೆ ನೋಡದೆ ಬೆರಳು ಸರಿಯಾದ ಜಾಗಕ್ಕೆ ಹೋಗಬೇಕು. ಎರಡು ವಾರದಲ್ಲಿ ಅಭ್ಯಾಸ ಆಗಿಬಿಡುತ್ತದೆ. ಅಷ್ಟರಲ್ಲಿ ಸೋಫಾ ಪಕ್ಕದ ದೀಪವನ್ನು ಬೇರೆ ಕಡೆ ಇಟ್ಟಿದ್ದರೆ ಒಳ್ಳೆಯದು.

ಸ್ನ್ಯಾಪ್: ಯಾರೂ ಅಭ್ಯಾಸ ಮಾಡದ ಭಾಗ

ಸಣ್ಣ ಮಕ್ಕಳ ಆಟದಲ್ಲಿ ಎಸೆತಕ್ಕೆ ಮೊದಲೇ ಕೆಡುವ ಆಟಗಳು ಬಹಳ. ಸ್ನ್ಯಾಪ್ ತಲೆ ಮೇಲೆ ಹೋಗುತ್ತದೆ, ಕಾಲ ಹತ್ತಿರ ಬೀಳುತ್ತದೆ, ಕೈಗೆ ಬಂದದ್ದು ಜಾರುತ್ತದೆ. ಹೆಚ್ಚಿನ ಫ್ಲ್ಯಾಗ್ ಲೀಗುಗಳಲ್ಲಿ ಚೆಂಡು ನೆಲಕ್ಕೆ ತಾಗಿತು ಅಂದರೆ ಆ ಆಟ ಮುಗಿಯಿತು. ಆದರೂ ಅಭ್ಯಾಸದ ದಿನ ಎಲ್ಲರೂ ನೇರ ಉದ್ದ ಪಾಸಿಗೆ ಹೋಗುತ್ತಾರೆ. ನೀವು ಹಾಗೆ ಮಾಡಬೇಡಿ. ಮೊದಲ ಹತ್ತು ನಿಮಿಷ ಕ್ವಾರ್ಟರ್‌ಬ್ಯಾಕ್ ಆಗುವವರು ಮತ್ತು ಸೆಂಟರ್ ಆಗುವವರು ಜೋಡಿಯಾಗಿ ಬರೀ ಸ್ನ್ಯಾಪ್ ಮಾಡಲಿ.

ಮಕ್ಕಳಿಗೆ ಶಾಟ್‌ಗನ್ ನಿಲುವೇ ವಾಸಿ, ಅಂದರೆ ಸೆಂಟರ್‌ನಿಂದ ಮೂರು ನಾಲ್ಕು ಯಾರ್ಡ್ ಹಿಂದೆ ನಿಂತು ಚೆಂಡು ಪಡೆಯುವುದು. ಕೈ ಎರಡೂ ಎದೆಯ ಮುಂದೆ, ಬೆರಳು ಬಿಡಿಸಿರಲಿ. ಚೆಂಡು ಸೊಂಟಕ್ಕಿಂತ ಮೇಲೆ ಬಂದರೆ ಹೆಬ್ಬೆರಳುಗಳು ಒಂದಕ್ಕೊಂದು ಹತ್ತಿರ, ಕೆಳಗೆ ಬಂದರೆ ಕಿರುಬೆರಳುಗಳು ಹತ್ತಿರ. ಚೆಂಡು ಕೈಗೆ ಬರುವ ತನಕ ಕಣ್ಣು ಚೆಂಡಿನ ಮೇಲೆ, ಬಂದ ಮರುಕ್ಷಣ ಕಣ್ಣು ಮೇಲೆ.

ಕೂಗುವುದನ್ನೂ ಕಲಿಸಬೇಕು. ‘ಡೌನ್, ಸೆಟ್, ಹಟ್’ ಅನ್ನುವುದು ಮಾಮೂಲಿ ಕೂಗು. ಮಕ್ಕಳು ಇದನ್ನು ದೇವರ ಮುಂದೆ ಮಂತ್ರ ಹೇಳಿದ ಹಾಗೆ ಗೊಣಗುತ್ತಾರೆ. ತುದಿಯಲ್ಲಿ ನಿಂತ ರಿಸೀವರ್‌ಗೆ ಕೇಳದಿದ್ದರೆ ಅವನು ತಡವಾಗಿ ಹೊರಡುತ್ತಾನೆ, ಎಸೆತದ ಹೊತ್ತು ತಪ್ಪುತ್ತದೆ. ನಾಚಿಕೆ ಸ್ವಭಾವದ ಮಗುವಾದರೆ ಮೊದಲು ತಂಡದ ಎಲ್ಲರೂ ಒಟ್ಟಿಗೆ ಕೂಗಲಿ, ಆಮೇಲೆ ಒಬ್ಬೊಬ್ಬರೇ.

ಕಾಲು

ಈಗ ಮುಖ್ಯ ವಿಷಯ. ಮಗುವಿನ ಎಸೆತ ಕೆಟ್ಟಾಗ ನಾವೆಲ್ಲ ನೋಡುವುದು ಕೈಯನ್ನು. ‘ಕೈ ಮೇಲೆತ್ತು’, ‘ಜೋರಾಗಿ ಎಸಿ’ ಅನ್ನುತ್ತೇವೆ. ಆದರೆ ತಪ್ಪು ಆಗಿರುವುದು ಬಹುಪಾಲು ಪಾದದಲ್ಲಿ. ಬಲ ನೆಲದಿಂದ ಹುಟ್ಟಿ, ಸೊಂಟ ತಿರುಗಿ, ಭುಜಕ್ಕೆ ಬಂದು, ಕೊನೆಗೆ ಕೈಗೆ ತಲುಪುತ್ತದೆ. ಬುಡ ಸರಿ ಇಲ್ಲದಿದ್ದರೆ ತುದಿಯಲ್ಲಿ ಏನು ತಿದ್ದಿದರೂ ಪ್ರಯೋಜನ ಇಲ್ಲ.

ನಿಲುವು ಹೀಗಿರಲಿ: ಪಾದಗಳು ಭುಜದಗಲ, ಮಂಡಿ ಸ್ವಲ್ಪ ಬಗ್ಗಿರಬೇಕು, ಭಾರ ಹಿಮ್ಮಡಿ ಮೇಲಲ್ಲ, ಪಾದದ ಮುಂಭಾಗದಲ್ಲಿ. ಎಡ ಭುಜ ಗುರಿಯ ಕಡೆ. ಚೆಂಡು ಎರಡೂ ಕೈಯಲ್ಲಿ, ಎದೆಯ ಮಟ್ಟಕ್ಕೆ, ಸ್ವಲ್ಪ ಬಲಗಡೆ. ಎಸೆಯುವಾಗ ಎಡಗಾಲು ಗುರಿಯ ಕಡೆ ಒಂದು ಸಣ್ಣ ಹೆಜ್ಜೆ ಇಡಬೇಕು. ಆ ಕಾಲಿನ ಹೆಬ್ಬೆರಳು ಗುರಿಯ ಕಡೆ ಅಥವಾ ಕೂದಲೆಳೆಯಷ್ಟು ಎಡಕ್ಕೆ. ‘ಸಣ್ಣ’ ಅನ್ನುವುದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಜೋರಾಗಿ ಎಸೆಯಬೇಕು ಅನ್ನಿಸಿದ ಕೂಡಲೆ ಮಕ್ಕಳು ಮಾರುದ್ದ ಹೆಜ್ಜೆ ಹಾಕುತ್ತಾರೆ. ಹೆಜ್ಜೆ ಉದ್ದವಾದರೆ ಮೈ ಹಿಂದೆಯೇ ಉಳಿದು ಚೆಂಡು ಮೇಲಕ್ಕೆ ಹೋಗುತ್ತದೆ.

ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದು ತೋರಿಸಿ. ಬಲಗಾಲು ಹಿಂದಿನ ಗೆರೆ ಮೇಲೆ, ಎಡಗಾಲು ಮುಂದಿನ ಗೆರೆ ದಾಟಬಾರದು. ಡ್ರೈವ್‌ವೇಯಲ್ಲೇ ಮಾಡಬಹುದು. ಎಸೆದಾದ ಮೇಲೆ ಮಗು ಹಾಗೇ ನಿಲ್ಲಲಿ, ನೀವು ಹೋಗಿ ಎರಡು ವಿಷಯ ನೋಡಿ: ಎಡಪಾದ ಎಲ್ಲಿದೆ, ಫ್ಲ್ಯಾಗ್ ಪಟ್ಟಿಯ ಬಕಲ್ ಯಾವ ಕಡೆ ನೋಡುತ್ತಿದೆ. ಬಕಲ್ ಗುರಿಯ ಕಡೆ ತಿರುಗಿದ್ದರೆ ಸೊಂಟ ಕೆಲಸ ಮಾಡಿದೆ. ಇನ್ನೂ ಪಕ್ಕಕ್ಕೇ ನೋಡುತ್ತಿದ್ದರೆ ಮಗು ಬರೀ ತೋಳಿನ ಬಲದಿಂದ ಎಸೆದಿದೆ.

ಹಿಂದಕ್ಕೆ ಹೋಗುವ ಹೆಜ್ಜೆಗಳಿಗೆ ಡ್ರಾಪ್ ಅನ್ನುತ್ತಾರೆ. ದೊಡ್ಡವರು ಮೂರು, ಐದು, ಏಳು ಹೆಜ್ಜೆಯ ಡ್ರಾಪ್ ಮಾಡುತ್ತಾರೆ, ರಿಸೀವರ್ ಎಷ್ಟು ದೂರ ಓಡುತ್ತಾನೆ ಅನ್ನುವುದಕ್ಕೆ ಹೆಜ್ಜೆ ಹೊಂದಿಕೊಂಡಿರುತ್ತದೆ. ಎಂಟು ಹತ್ತು ವರ್ಷದವರಿಗೆ ಇದೆಲ್ಲ ಬೇಡ. ಹಿಡಿ, ಬಲಗಾಲು ಒಂದು ಹೆಜ್ಜೆ ಹಿಂದೆ, ಎಸಿ. ಇಷ್ಟೇ. ಹನ್ನೊಂದು ದಾಟಿದವರಿಗೆ ಮೂರು ಹೆಜ್ಜೆ ಕಲಿಸಿ: ಬಲ, ಎಡ, ಬಲ. ಮೊದಲ ಹೆಜ್ಜೆ ದೊಡ್ಡದು, ಕೊನೆಯದು ಬಿಗಿಯಾಗಿ ನೆಲಕ್ಕೆ ಊರುವಂಥದ್ದು. ಅಲ್ಲಿಗೆ ನಿಂತು ಮುಂದಕ್ಕೆ ಬರಬೇಕೇ ಹೊರತು ಹಿಂದಕ್ಕೆ ವಾಲಿಕೊಂಡೇ ಎಸೆಯಬಾರದು.

ಕೈ

ಕ್ರಿಕೆಟ್ ಮನೆಯ ಮಕ್ಕಳಿಗೆ ಇಲ್ಲಿ ಒಂದು ವಿಶೇಷ ತೊಂದರೆ. ಬೌಂಡರಿಯಿಂದ ಕೀಪರ್‌ಗೆ ಎಸೆಯುವ ಹಾಗೆ ಕೈಯನ್ನು ಕೆಳಗಿನಿಂದ ಹಿಂದಕ್ಕೆ ಪೂರ್ತಿ ಬೀಸಿ ತರುತ್ತಾರೆ. ಎಸೆತದಲ್ಲಿ ಬಲ ಇರುತ್ತದೆ, ನಿಜ. ಆದರೆ ಫುಟ್ಬಾಲಿನಲ್ಲಿ ಅಷ್ಟು ದೊಡ್ಡ ಬೀಸಿಗೆ ಸಮಯ ಇಲ್ಲ, ಎದುರಾಳಿಗೂ ಎಸೆತ ಮುಂಚೆಯೇ ಗೊತ್ತಾಗುತ್ತದೆ. ಚೆಂಡು ಎದೆಯ ಹತ್ತಿರದಿಂದ ಕೆಳಗಿಳಿಯದೆ ನೇರ ಕಿವಿಯ ಹಿಂದಕ್ಕೆ ಹೋಗಬೇಕು.

ಹೇಳಿಕೊಡುವ ಕ್ರಮ ಇದು. ಎಡಗೈ ಚೆಂಡನ್ನು ಹಿಂದಕ್ಕೆ ತಳ್ಳಿ ಬಿಟ್ಟುಬಿಡುತ್ತದೆ. ಬಲ ಮೊಣಕೈ ಭುಜದ ಎತ್ತರಕ್ಕೆ, ಬೇಕಾದರೆ ಸ್ವಲ್ಪ ಮೇಲೆ. ಕೆಳಗಂತೂ ಬೇಡ. ಎಡಗಾಲು ಊರಿದ ಮೇಲೆ ಸೊಂಟ ತಿರುಗುತ್ತದೆ, ಜೊತೆಗೆ ಎಡ ಮೊಣಕೈ ಪಕ್ಕೆಗೆ ಬಂದು ಸೇರುತ್ತದೆ. ಆಮೇಲೆ ಬಲಗೈ ಮುಂದೆ ಬರುತ್ತದೆ. ಚೆಂಡನ್ನು ಕೊನೆಗೆ ಬಿಡುವುದು ತೋರುಬೆರಳು. ಬಿಟ್ಟ ಮೇಲೆ ಹೆಬ್ಬೆರಳು ನೆಲದ ಕಡೆ ತಿರುಗಿ, ಕೈ ಎಡಗಡೆಯ ಪ್ಯಾಂಟ್ ಜೇಬಿನ ಹತ್ತಿರ ಬಂದು ನಿಲ್ಲುತ್ತದೆ.

ಎಲ್ಲ ಮಕ್ಕಳಿಗೂ ಬೇಕಾಗಿರುವುದು ಸ್ಪೈರಲ್. ಚೆಂಡು ತನ್ನ ಉದ್ದದ ಸುತ್ತ ಗರಗರ ತಿರುಗುತ್ತಾ ಮೂತಿ ಮುಂದೆ ಮಾಡಿಕೊಂಡು ಹೋಗುವುದು. ಹಾಗೆ ತಿರುಗಿದಾಗ ಚೆಂಡು ಅಲುಗಾಡದೆ ಗಾಳಿಯನ್ನು ಸುಲಭವಾಗಿ ಸೀಳುತ್ತದೆ, ಹಿಡಿಯುವವನಿಗೂ ಸುಲಭ. ಮಣಿಕಟ್ಟನ್ನು ತಿರುಪು ತಿರುಗಿಸಿದ ಹಾಗೆ ತಿರುವಿದರೆ ಸ್ಪೈರಲ್ ಬರುತ್ತದೆ ಅಂತ ಮಕ್ಕಳು ಅಂದುಕೊಂಡಿರುತ್ತಾರೆ. ಹಾಗಲ್ಲ. ಬೆರಳುಗಳು ಲೇಸನ್ನು ಒಂದೊಂದಾಗಿ ಬಿಡುವಾಗ ತಿರುಗು ತಾನಾಗಿ ಹುಟ್ಟುತ್ತದೆ. ಬೇಕಂತಲೇ ಮಣಿಕಟ್ಟು ತಿರುವಿದರೆ ಚೆಂಡು ಓಲಾಡುತ್ತದೆ, ಮೊಣಕೈಗೂ ಒಳ್ಳೆಯದಲ್ಲ.

ಬೆರಳು ಬಿಡುವುದನ್ನು ಕಲಿಸಲು ಒಂದು ಮಂಡಿಯ ಅಭ್ಯಾಸ ಒಳ್ಳೆಯದು. ಬಲಮಂಡಿ ನೆಲಕ್ಕೆ ಊರಿ, ಎಡಪಾದ ಮುಂದೆ ಇಟ್ಟು, ಐದು ಯಾರ್ಡ್ ದೂರದಲ್ಲಿ ಕೂತ ಜೊತೆಗಾರನಿಗೆ ಎಸೆಯುವುದು. ಆದರೆ ಐದು ನಿಮಿಷಕ್ಕಿಂತ ಜಾಸ್ತಿ ಬೇಡ. ಕೆಲವು ಕೋಚ್‌ಗಳು ಅರ್ಧ ತಾಸು ಇದನ್ನೇ ಮಾಡಿಸುತ್ತಾರೆ, ನನಗೆ ಅದು ಒಪ್ಪಿಗೆ ಇಲ್ಲ. ಮಂಡಿ ಊರಿದ ಮಗುವಿಗೆ ಕಾಲಿನ ಕೆಲಸವೇ ಇರುವುದಿಲ್ಲ, ತೋಳಲ್ಲಿ ಎಸೆಯುವ ಅಭ್ಯಾಸ ಗಟ್ಟಿಯಾಗುತ್ತದೆ.

ದೂರದ ವಿಷಯ. ಕ್ರಿಕೆಟ್ ಪಿಚ್‌ನ ಉದ್ದ 22 ಯಾರ್ಡ್. ಹತ್ತು ವರ್ಷದ ಮಗು ಆಟದಲ್ಲಿ ಎಸೆಯಬೇಕಾದ ಪಾಸ್‌ಗಳು ಬಹುತೇಕ ಅದರೊಳಗೇ ಮುಗಿಯುತ್ತವೆ. ಐದು ಯಾರ್ಡ್‌ನಲ್ಲಿ ಶುರು ಮಾಡಿ, ಹತ್ತಕ್ಕೆ ಹೋಗಿ, ಆಮೇಲೆ ಹದಿನೈದು. ಯಾವ ದೂರದಲ್ಲಿ ಮಗು ಹಿಂದಕ್ಕೆ ವಾಲಿ ಹಲ್ಲು ಕಚ್ಚಿ ಎಸೆಯಲು ಶುರು ಮಾಡುತ್ತದೋ ಅಲ್ಲಿಗೆ ನಿಲ್ಲಿಸಿ.

ಎನ್‌ಎಫ್‌ಎಲ್ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಹಾಗೆ ಪಕ್ಕದಿಂದ, ಬೇರೆಲ್ಲೋ ನೋಡಿಕೊಂಡು ಎಸೆಯುವುದಕ್ಕೆ ಎಲ್ಲ ಮಕ್ಕಳಿಗೂ ಆಸೆ. ಅವರ ಅಪ್ಪ ಮೇಜರ್ ಲೀಗ್ ಬೇಸ್‌ಬಾಲ್ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವರು), ಅವರೂ ಬೇಸ್‌ಬಾಲ್ ಆಡಿಕೊಂಡೇ ಬೆಳೆದವರು, 2014ರಲ್ಲಿ ಡೆಟ್ರಾಯ್ಟ್ ಟೈಗರ್ಸ್ ತಂಡ ಅವರನ್ನು ಬೇಸ್‌ಬಾಲ್‌ಗೇ ಆರಿಸಿತ್ತು. ಎಷ್ಟೋ ವರ್ಷ ನಾನಾ ಕೋನದಿಂದ ಎಸೆದು ಬಂದ ಕೈ ಅದು. ಅಭ್ಯಾಸದ ಕೊನೆಯ ಎರಡು ನಿಮಿಷ ಮಕ್ಕಳಿಗೆ ಹೀಗೆ ಎಸೆಯಲು ಬಿಡಿ, ಖುಷಿ ಪಡುತ್ತಾರೆ. ಅದಕ್ಕಿಂತ ಮುಂಚೆ ಬೇಡ.

ಚೆಂಡು ಎಲ್ಲಿ ಹೋಯಿತು ನೋಡಿ, ತಪ್ಪು ಎಲ್ಲಿ ಅಂತ ಗೊತ್ತಾಗುತ್ತದೆ

ಹೊಸ ಕೋಚ್‌ಗೆ ಇದಕ್ಕಿಂತ ಉಪಯೋಗದ ವಿದ್ಯೆ ಇನ್ನೊಂದಿಲ್ಲ. ಒಂದು ಎಸೆತ ತಪ್ಪಿದರೆ ಏನೂ ಹೇಳಬೇಡಿ. ಮೂರು ನಾಲ್ಕು ಒಂದೇ ಕಡೆ ತಪ್ಪಿದಾಗ ಮಾತ್ರ ನೋಡಿ.

ಚೆಂಡು ಪದೇ ಪದೇ ತಲೆ ಮೇಲೆ ಹೋಗುತ್ತಿದೆಯಾ? ಎಡಗಾಲಿನ ಹೆಜ್ಜೆ ಉದ್ದವಾಗಿದೆ ಅಥವಾ ಮೈ ಹಿಂದಕ್ಕೆ ವಾಲಿದೆ. ಹೆಜ್ಜೆ ಅರ್ಧ ಮಾಡಿಸಿ, ಬೇರೇನೂ ಹೇಳಬೇಡಿ. ಹಿಡಿಯುವವನ ಕಾಲ ಹತ್ತಿರ ಬೀಳುತ್ತಿದೆಯಾ? ಮಗು ಸೊಂಟ ಬಗ್ಗಿಸಿ ಚೆಂಡನ್ನು ತಡವಾಗಿ ಬಿಡುತ್ತಿದೆ. ‘ಎದೆ ಎತ್ತಿಕೊಂಡು ಮುಗಿಸು’ ಅನ್ನಿ. ಎಡಕ್ಕೆ ಹೋಗುತ್ತಿದ್ದರೆ ಎಡಪಾದ ತೀರಾ ಎಡಕ್ಕೆ ಇಳಿದಿದೆ, ಎಡ ಭುಜ ಬೇಗ ತೆರೆದುಕೊಂಡಿದೆ. ಬಲಕ್ಕೆ ಹೋಗುತ್ತಿದ್ದರೆ ಅದರ ಉಲ್ಟಾ: ಪಾದ ಬಲಕ್ಕೆ ಅಡ್ಡ ಬಂದು ಸೊಂಟ ತಿರುಗಲು ಜಾಗವೇ ಇಲ್ಲ. ಚೆಂಡು ಸರಿಯಾದ ಕಡೆಗೇ ಹೋಗಿ ಓಲಾಡುತ್ತಿದ್ದರೆ ಮಾತ್ರ ಕೈ ನೋಡಿ. ಅಂಗೈ ಚೆಂಡಿಗೆ ಅಂಟಿರುತ್ತದೆ, ಇಲ್ಲವೇ ಹೆಬ್ಬೆರಳು ಜಾಸ್ತಿ ಒತ್ತುತ್ತಿರುತ್ತದೆ.

ಗಮನಿಸಿ, ಐದರಲ್ಲಿ ಮೂರು ಕಾಲಿನದೇ.

ಒಂದು ಸಲಕ್ಕೆ ಒಂದೇ ಮಾತು. ‘ಮೊಣಕೈ ಎತ್ತು, ಹೆಜ್ಜೆ ಸಣ್ಣದು ಮಾಡು, ಭುಜ ತಿರುಗಿಸು, ಆ ಕಡೆ ನೋಡು’ ಅಂತ ಒಂದೇ ಉಸಿರಿಗೆ ಹೇಳಿದರೆ ಮಗು ಕಲ್ಲಾಗಿ ನಿಲ್ಲುತ್ತದೆ. ಇವತ್ತು ಹೆಜ್ಜೆ ಅಂದರೆ ಹೆಜ್ಜೆ ಮಾತ್ರ. ಮೊಣಕೈ ಕಣ್ಣಿಗೆ ಚುಚ್ಚುತ್ತಿದ್ದರೂ ನಾಳೆ ನೋಡಿಕೊಳ್ಳಿ.

ಹಾಗೇ ಕೈಗೆ ಆಯಾಸ ಆಗುವುದರ ಲೆಕ್ಕವೂ ಇರಲಿ. ಬೆಳೆಯುವ ಮಕ್ಕಳ ಭುಜ, ಮೊಣಕೈಗಳಲ್ಲಿ ಎಲುಬು ಬೆಳೆಯುವ ಭಾಗ ಇನ್ನೂ ಮೆತ್ತಗಿರುತ್ತದೆ. ಅಮೆರಿಕದ ಬೇಸ್‌ಬಾಲ್‌ನವರು ಇದಕ್ಕಾಗಿಯೇ ವಯಸ್ಸಿಗೆ ತಕ್ಕ ಮಿತಿ ಇಟ್ಟಿದ್ದಾರೆ. ಪಿಚ್ ಸ್ಮಾರ್ಟ್ ಮಾರ್ಗಸೂಚಿಯ ಪ್ರಕಾರ 9-10 ವರ್ಷದ ಪಿಚರ್ ಒಂದು ದಿನಕ್ಕೆ 75 ಎಸೆತ ಮೀರಬಾರದು, 11-12ರವರು 85. ನಿಮ್ಮ ಮಗು ಎರಡೂ ಆಟ ಆಡುತ್ತಿದ್ದರೆ ತೋಳಿಗೆ ಬೇಸ್‌ಬಾಲ್ ಯಾವುದು ಫುಟ್ಬಾಲ್ ಯಾವುದು ಅಂತ ಗೊತ್ತಾಗುವುದಿಲ್ಲ, ಒಟ್ಟು ಲೆಕ್ಕ ಇಡಿ. ಭುಜ ಅಥವಾ ಮೊಣಕೈ ನೋವು ಅಂದರೆ ಅವತ್ತಿಗೆ ಎಸೆತ ಬಂದ್. ಮರುದಿನವೂ ಇದ್ದರೆ ಡಾಕ್ಟರಿಗೆ ತೋರಿಸಿ. ಎಣ್ಣೆ ತಿಕ್ಕಿ ಮತ್ತೆ ಕಳಿಸುವುದು ಬೇಡ.

ಕಣ್ಣು

ಎಸೆತ ತಕ್ಕಮಟ್ಟಿಗೆ ಕೂತ ಮೇಲೆ ಯಾರಿಗೆ ಎಸೆಯಬೇಕು ಅನ್ನುವ ಪಾಠ. ಟಿವಿಯಲ್ಲಿ ‘ಡಿಫೆನ್ಸ್ ಓದುತ್ತಿದ್ದಾನೆ’ ಅನ್ನುತ್ತಾರಲ್ಲ, ಅದೇ. ದೊಡ್ಡವರು ಇಡೀ ಮೈದಾನ ಓದುತ್ತಾರೆ. ಮಗು ಒಬ್ಬನೇ ಒಬ್ಬ ಎದುರಾಳಿಯನ್ನು ಓದಿದರೆ ಸಾಕು.

ಊಟದ ಮೇಜಿನ ಮೇಲೆ ಮೂರು ನಾಣ್ಯ ಇಡಿ. ಎರಡು ಪೆನ್ನಿ ನಿಮ್ಮ ರಿಸೀವರ್‌ಗಳು, ಒಂದು ಕ್ವಾರ್ಟರ್ ಎದುರಾಳಿ. ಮೂರೂ ಬಲಗಡೆ ಇರಲಿ. ಹೊರಗಿನ ಪೆನ್ನಿ ಐದು ಯಾರ್ಡ್ ಓಡಿ ನಿಂತು ತಿರುಗುತ್ತದೆ. ಒಳಗಿನ ಪೆನ್ನಿ ಹತ್ತು ಯಾರ್ಡ್ ನೇರ ಓಡಿ ಮೂಲೆಯ ಕಡೆ ತಿರುಗುತ್ತದೆ. ಇದಕ್ಕೆ ಸ್ಮ್ಯಾಶ್ ಅನ್ನುತ್ತಾರೆ, ಹೈಸ್ಕೂಲಿನಿಂದ ಎನ್‌ಎಫ್‌ಎಲ್ ತನಕ ಎಲ್ಲರೂ ಆಡುತ್ತಾರೆ. ಈಗ ಎದುರಾಳಿಯನ್ನು ನೀವು ಸರಿಸಿ. ಅವನು ಹಿಂದಕ್ಕೆ ಓಡಿದರೆ ಚೆಂಡು ಹತ್ತಿರ ನಿಂತವನಿಗೆ. ಮುಂದಕ್ಕೆ ಬಂದರೆ ಚೆಂಡು ಮೂಲೆಗೆ. ನಾಣ್ಯ ಸರಿಸಿದ ಕೂಡಲೆ ಮಗು ‘ಹತ್ತಿರ’ ಅಥವಾ ‘ದೂರ’ ಅಂತ ಕೂಗಬೇಕು. ಅನ್ನ ತಣ್ಣಗಾಗುವಷ್ಟರಲ್ಲಿ ಆಟ ಅರ್ಥವಾಗಿರುತ್ತದೆ. ಮೈದಾನದಲ್ಲಿ ಇದನ್ನೇ ಚೆಂಡಿಲ್ಲದೆ, ಬರೀ ಬೆರಳು ತೋರಿಸಿ ಮಾಡಿಸಿ. ಚೆಂಡು ಕೊನೆಗೆ ಬರಲಿ.

ಎಲ್ಲಿಗೆ ಎಸೆಯುವುದು ಅನ್ನುವುದರಲ್ಲೂ ಒಂದು ಮಾತಿದೆ. ಓಡುತ್ತಿರುವವನಿಗೆ ಎಸೆಯುವಾಗ ಅವನು ಈಗ ಇರುವ ಜಾಗಕ್ಕೆ ಎಸೆದರೆ ಚೆಂಡು ಬೆನ್ನ ಹಿಂದೆ ಬೀಳುತ್ತದೆ. ಅವನ ಮುಂದೆ ಎರಡು ಹೆಜ್ಜೆ ಎಸೆಯಬೇಕು. ನಿಂತವನಿಗೆ ಎದೆಗೆ. ತಿರುಗಿ ನಿಲ್ಲುವವನಿಗೆ ಅವನು ತಿರುಗುವ ಮುಂಚೆಯೇ ಚೆಂಡು ಕೈ ಬಿಟ್ಟಿರಬೇಕು. ಇದನ್ನು ನಂಬುವುದು ಮಕ್ಕಳಿಗೆ ಕಷ್ಟ, ದೊಡ್ಡವರಿಗೂ ಕಷ್ಟವೇ.

ಇನ್ನೊಂದು ಚಾಳಿ: ಸ್ನ್ಯಾಪ್‌ಗೆ ಮುಂಚಿನಿಂದಲೂ ಗೆಳೆಯನನ್ನೇ ದಿಟ್ಟಿಸಿ ನೋಡುವುದು. ಎದುರಾಳಿಗೆ ಅದಕ್ಕಿಂತ ದೊಡ್ಡ ಸಹಾಯ ಬೇಕಾ? ಚೆಂಡು ಹಿಡಿದ ಕೂಡಲೆ ಮೊದಲು ಮೈದಾನದ ನಡುವೆ ನೋಡಿ, ಆಮೇಲೆ ಪಕ್ಕಕ್ಕೆ ತಿರುಗುವುದನ್ನು ರೂಢಿ ಮಾಡಿಸಿ.

ಆಟಗಳಿಗೆ ಹೆಸರಿಡುವುದನ್ನು ಮಕ್ಕಳಿಗೇ ಬಿಡಿ. ಮನೆಯಲ್ಲಿ ಅಣ್ಣ ತಮ್ಮ ಸೇರಿ ದೋಸೆ ಅಂದರೆ ಒಳಕ್ಕೆ, ಇಡ್ಲಿ ಅಂದರೆ ಹೊರಕ್ಕೆ ಅಂತ ಮಾಡಿಕೊಂಡರೆ ಮರೆಯುವುದೂ ಇಲ್ಲ, ಎದುರು ತಂಡಕ್ಕೆ ತಿಳಿಯುವುದೂ ಇಲ್ಲ.

ಮೈಮೇಲೆ ಬಂದಾಗ

ಎನ್‌ಎಫ್‌ಎಲ್ ಫ್ಲ್ಯಾಗ್ ನಿಯಮದಲ್ಲಿ ನುಗ್ಗಿ ಬರುವ ಎದುರಾಳಿ 7 ಯಾರ್ಡ್ ದೂರದಿಂದ ಹೊರಡಬೇಕು, ಕ್ವಾರ್ಟರ್‌ಬ್ಯಾಕ್ 7 ಸೆಕೆಂಡ್ ಒಳಗೆ ಎಸೆಯಬೇಕು, ಅವನೇ ಚೆಂಡು ಹಿಡಿದು ಸ್ನ್ಯಾಪ್ ಆದ ಜಾಗದ ಗೆರೆ ದಾಟಿ ಓಡುವಂತಿಲ್ಲ. ಬೇರೆ ಲೀಗುಗಳಲ್ಲಿ ಸ್ವಲ್ಪ ಬೇರೆ ಇರಬಹುದು, ನಿಮ್ಮ ನಿಯಮ ಪುಸ್ತಕ ಓದಿಕೊಳ್ಳಿ. ನಿಜ ಹೇಳಬೇಕೆಂದರೆ ಓದದೆ ಬರುವ ಕೋಚ್‌ಗಳೇ ರೆಫರಿ ಜೊತೆ ಜಾಸ್ತಿ ಜಗಳ ಆಡುವುದು.

ಮಕ್ಕಳಿಗೆ ಎರಡೇ ಪ್ರತಿಕ್ರಿಯೆ ಗೊತ್ತು. ಒಂದು, ತಿರುಗಿ ಹಿಂದಕ್ಕೆ ಓಡುವುದು. ಎರಡು, ಕಣ್ಣು ಮುಚ್ಚಿ ಎಲ್ಲಿಗೋ ಎಸೆಯುವುದು. ಮೂರನೆಯದನ್ನು ಕಲಿಸಿ: ಚೆಂಡನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದು, ಕಾಲು ದಾಟಿಸದೆ ಪಕ್ಕಕ್ಕೆ ಎರಡು ಹೆಜ್ಜೆ ಸರಿಯುವುದು, ಕಣ್ಣು ಮಾತ್ರ ರಿಸೀವರ್‌ಗಳ ಮೇಲೆ. ಅಭ್ಯಾಸದಲ್ಲಿ ನೀವೇ ಎದುರಿಗೆ ಓಡಿ ಬನ್ನಿ, ಎಡಕ್ಕೋ ಬಲಕ್ಕೋ ಕೈ ತೋರಿಸಿ, ಅದರ ಉಲ್ಟಾ ಕಡೆಗೆ ಮಗು ಸರಿಯಲಿ. ಸೆಕೆಂಡುಗಳನ್ನು ಜೋರಾಗಿ ಎಣಿಸಿ. ಐದು ಅನ್ನುವಷ್ಟರಲ್ಲಿ ಚೆಂಡು ಹೋಗಿರಬೇಕು. ಯಾರೂ ಖಾಲಿ ಇಲ್ಲ ಅಂದರೆ ಯಾರಿಗೂ ಸಿಗದ ಹಾಗೆ ಮೈದಾನದ ಅಂಚಿನ ಗೆರೆಯ ಹೊರಗೆ ಎಸೆದುಬಿಡುವುದು. ಹಾಗೆ ಎಸೆದಾಗ ಚಪ್ಪಾಳೆ ತಟ್ಟಿ. ಚೆಂಡು ಉಳಿಸಿಕೊಂಡ ಆಟ ಅದು.

ಓಟಗಾರನಿಗೆ ಚೆಂಡು ಕೊಡುವುದು ಸುಲಭ: ಕೈಗೆ ಅಲ್ಲ, ಹೊಟ್ಟೆಗೆ ಇಡಬೇಕು. ಕಣ್ಣು ಅವನ ಹೊಟ್ಟೆಯ ಮೇಲಿರಲಿ. ಅಷ್ಟೇ.

ಮುಂದೆ ಟ್ಯಾಕಲ್ ಫುಟ್ಬಾಲಿಗೆ ಕಳಿಸಬೇಕೋ ಬೇಡವೋ ಅನ್ನುವುದು ಮನೆಯವರ ತೀರ್ಮಾನ, ನಾನು ಅದರಲ್ಲಿ ಬಾಯಿ ಹಾಕುವುದಿಲ್ಲ. ಆದರೆ ಫ್ಲ್ಯಾಗ್‌ನಲ್ಲೂ ತಲೆ ತಲೆ ಗುದ್ದುವುದುಂಟು. ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿಯವರ ಹೆಡ್ಸ್ ಅಪ್ ಅನ್ನುವ, ತಲೆಪೆಟ್ಟಿನ ಬಗೆಗಿನ ಉಚಿತ ಆನ್‌ಲೈನ್ ಪಾಠ ಮಕ್ಕಳ ಕೋಚ್‌ಗಳಿಗೆಂದೇ ಇದೆ, ಸೀಸನ್ ಶುರುವಾಗುವ ಮುಂಚೆ ಮುಗಿಸಿಕೊಳ್ಳಿ. ತಲೆಗೆ ಪೆಟ್ಟು ಬಿದ್ದ ಮಗು ‘ನಾನು ಚೆನ್ನಾಗಿದ್ದೀನಿ’ ಅಂದರೂ ಅವತ್ತು ಆಡಿಸಬೇಡಿ.

ಒಂದು ಗಂಟೆ ಹೇಗೆ ಹಂಚುವುದು

ವಾರಕ್ಕೆ ಒಂದೋ ಎರಡೋ ಗಂಟೆ ಸಿಗುತ್ತದೆ. ಮೈ ಬಿಸಿ ಮಾಡಲು ಐದು ನಿಮಿಷ, ಸ್ನ್ಯಾಪ್ ಹತ್ತು, ಮಂಡಿ ಎಸೆತ ಐದು, ಹೆಜ್ಜೆ ಮತ್ತು ನಿಂತು ಎಸೆಯುವುದು ಹದಿನೈದು, ಓಡುವ ರಿಸೀವರ್‌ಗಳಿಗೆ ಎಸೆಯುವುದು ಹತ್ತು, ಉಳಿದದ್ದೆಲ್ಲ ನಿಜವಾದ ಆಟ. ಆಟ ಆಡಿಸದೆ ಬರೀ ಅಭ್ಯಾಸ ಮಾಡಿಸಿದರೆ ಮುಂದಿನ ವಾರ ಅರ್ಧ ಮಕ್ಕಳಿಗೆ ಹೊಟ್ಟೆನೋವು ಬರುತ್ತದೆ.

ಶನಿವಾರ ಪಂದ್ಯ. ಮಗು ಎಸೆದ ಚೆಂಡು ಎದುರಾಳಿ ಕೈಗೆ ಹೋಗುತ್ತದೆ. ಅಂದರೆ ಇಂಟರ್‌ಸೆಪ್ಷನ್. ಆಗೇ ಆಗುತ್ತದೆ. ಮಗು ತಲೆ ತಗ್ಗಿಸಿಕೊಂಡು ಹೊರಗೆ ಬರುತ್ತದೆ. ‘ಯಾಕೋ ಅಲ್ಲಿಗೆ ಎಸೆದೆ?’ ಅನ್ನುವುದು ನಾಲಿಗೆ ತುದಿಗೆ ಬಂದಿರುತ್ತದೆ, ನುಂಗಿಕೊಳ್ಳಿ. ನೀರು ಕುಡಿಯಲು ಬಿಟ್ಟು, ಆಮೇಲೆ ‘ನಿನಗೆ ಏನು ಕಾಣಿಸ್ತು ಪುಟ್ಟ?’ ಅಂತ ಕೇಳಿ. ‘ಅವನು ಇದ್ದದ್ದೇ ಕಾಣಿಸಲಿಲ್ಲ’ ಅಂದರೆ ಕಣ್ಣಿನ ಪಾಠ ಬಾಕಿ ಇದೆ, ರಾತ್ರಿ ಊಟದ ಹೊತ್ತಿಗೆ ನಾಣ್ಯ ತೆಗೆಯಿರಿ. ‘ಕಾಣಿಸ್ತು, ಆದ್ರೂ ಹೋಗುತ್ತೆ ಅಂದ್ಕೊಂಡೆ’ ಅಂದರೆ ಧೈರ್ಯ ಇದೆ, ಹೊತ್ತು ತಪ್ಪಿದೆ. ಒಂದು ಹೆಜ್ಜೆ ಬೇಗ ಎಸೆಯುವುದನ್ನು ಮಂಗಳವಾರ ಅಭ್ಯಾಸ ಮಾಡಿಸಿ. ‘ಸರಿಯಾಗೇ ನೋಡಿದೆ, ಚೆಂಡು ಮೇಲೆ ಹೋಯ್ತು’ ಅಂದರೆ ಮರುದಿನ ಬೆಳಿಗ್ಗೆ ಸೀಮೆಸುಣ್ಣ ತೆಗೆದುಕೊಂಡು ಡ್ರೈವ್‌ವೇಗೆ ಇಳಿಯಿರಿ.